ಶಟರಿನ ಹಿಂದೆ ಕೆಂಡ

"ಗಾಳಿಗೆ ಕಿಡಿ ಹಾರ್ತಿದೆ ಕಣೇ" ಎನ್ನುತ್ತ ಗಂಡ ಇದ್ದಿಲಿನ ಗ್ರಿಲ್ಲನ್ನು ಕಾರ್ ಶೆಡ್ಡಿನೊಳಗೆ ತಳ್ಳಿ ಶಟರು ಇಳಿಸಿಕೊಂಡಿದ್ದ.

ಅವಳು ಅಡುಗೆಮನೆಯಲ್ಲಿ ಕೊಚ್ಚಿದ ದನದ ಮಾಂಸಕ್ಕೆ ಉಪ್ಪು, ಮೆಣಸು, ಬೆಳ್ಳುಳ್ಳಿ ಕಲಸಿ ಬರ್ಗರಿನ ಎರಡನೇ ಸರದಿಯ ಬಿಲ್ಲೆ ತಟ್ಟುತ್ತಿದ್ದಳು. ಬೇಯುವಾಗ ಉಬ್ಬದಿರಲೆಂದು ಪ್ರತಿ ಬಿಲ್ಲೆಗೂ ಹೆಬ್ಬೆರಳೊತ್ತಿ ಒಂದು ಗುಳಿ; ಖಾರ ಆಗದ ಮಾವನ ಮೆಣಸಿಲ್ಲದ ಬಿಲ್ಲೆಗೆ ಮಾತ್ರ ಗುರುತಿಗೆಂದು ಎರಡು.

ಅಷ್ಟರಲ್ಲಿ ಕಿಟಕಿಯಿಂದ ಸೀದ ವಾಸನೆ ಬಂತು. ಹೆಂಡತಿಯ ಹುಟ್ಟುಹಬ್ಬ ಮರೆತಾನು, ಬರ್ಗರ್ ತಿರುಗಿಸಲು ಮರೆಯುವ ಆಸಾಮಿಯಲ್ಲ ಅವನು.

ಓಡಿದಳು. "ರೀ!" ಎಂದು ಕೂಗಿದರೆ ಒಳಗಿಂದ ಕೊಬ್ಬು ಚುರುಗುಟ್ಟುವ ಸದ್ದಷ್ಟೇ. ಜಿಡ್ಡುಗೈಯಿಂದ ಶಟರು ಜಾರಿತು. ಸೆರಗಿನಲ್ಲಿ ಹಿಡಿದು ಎತ್ತಿದಳು. ಗಂಡ ಸ್ಟೂಲಿನಿಂದ ಉರುಳಿ ಬಿದ್ದಿದ್ದ. ಸಟ್ಟುಗ ಇನ್ನೂ ಕೈಯಲ್ಲೇ ಇತ್ತು. ಕಂಕುಳಿಗೆ ಕೈಹಾಕಿ ದರದರನೆ ಅಂಗಳಕ್ಕೆಳೆದು ಕೆನ್ನೆಗೆ ಬಾರಿಸಿದಳು. ಅವನು ಕಣ್ಣು ಬಿಟ್ಟ. ಅವಳಿಗೆ ಹೋದ ಜೀವ ಬಂದಂತಾಯಿತು.

"ಬುದ್ಧಿ ಎಲ್ಲಿಟ್ಟಿದ್ರಿ? ಮುಚ್ಚಿದ ಜಾಗದಲ್ಲಿ ಯಾರಾದ್ರೂ ಕೆಂಡ ಇಡ್ತಾರಾ? ವಿಷಗಾಳಿ ತುಂಬ್ಕೊಳಲ್ವಾ?"

ಅವನು ಕೆಮ್ಮುತ್ತ ಶೆಡ್ಡಿನತ್ತ ಬೆರಳು ಚಾಚಿದ.

"ಅಪ್ಪ... ಬೆಚ್ಚಗಿದೆ ಅಂತ ಅವ್ರೂ ಬಂದಿದ್ರು. ಕಾರಿನ ಆಚೆ ಮಲಗಿದ್ದಾರೆ."