ನಾಲ್ಕೂವರೆ ನಿಮಿಷ

ಶುಕ್ರವಾರ ಬೆಳಿಗ್ಗೆ ಐದು ಮುಕ್ಕಾಲಿಗೆ ತಿಪ್ಪೇರುದ್ರಪ್ಪ ಮೇಷ್ಟ್ರು ತೀರಿಕೊಂಡರು. ಆರು ಗಂಟೆಯ ಬ್ಯಾಚಿಗೆಂದು ಬೆಂಚು ಒರೆಸುತ್ತಿದ್ದರು. ಬಟ್ಟೆ ಕೈಯಲ್ಲೇ ಇತ್ತು. ವಯಸ್ಸು ಐವತ್ತೊಂಬತ್ತು.

ಏಳೂವರೆಗೆ ಅವರ ಹೆಂಡತಿ ಚಂದ್ರಕಲಾ ಅದೇ ಬೆಂಚನ್ನು ಪಡಸಾಲೆಯಿಂದ ಹೊರಕ್ಕೆ ಎಳೆಯುತ್ತಿದ್ದಳು. ಇನ್ನೊಂದು ತುದಿ ಹಿಡಿದವಳು ನಾಗವೇಣಿ, ಮೇಷ್ಟ್ರ ಹಳೆಯ ಶಿಷ್ಯೆ, ಈಗ ಖಾಸಗಿ ಶಾಲೆಯೊಂದರಲ್ಲಿ ಟೀಚರು. ಮೈ ಸೆಟೆಯುವ ಮೊದಲೇ ಮೇಷ್ಟ್ರನ್ನು ಮೀಯಿಸಿ, ವಿಭೂತಿ ಹಚ್ಚಿ, ಪದ್ಮಾಸನದಲ್ಲಿ ಗೋಡೆಗೆ ಒರಗಿಸಿ ಕೂರಿಸಬೇಕಿತ್ತು. ಹನ್ನೊಂದು ಬೆಂಚು ಹೊರಬೀಳದೆ ಅದಕ್ಕೆ ಜಾಗವಿರಲಿಲ್ಲ. ಮೀಯಿಸಲೆಂದು ಬಿಚ್ಚಿದ ಅವರ ಕೈಗಡಿಯಾರ ಎಲ್ಲಿಡಬೇಕೆಂದು ತಿಳಿಯದೆ ಚಂದ್ರಕಲಾ ತನ್ನ ಮುಂಗೈಗೇ ಕಟ್ಟಿಕೊಂಡಿದ್ದಳು.

"ಅತ್ತಿಗೀ, ಬೆಂಚು ಅಂಗಳದಾಗ ಯಾಕ ಇಡ್ತೀರಿ? ನಮ್ಮ ಗೋಡೌನಿಗೆ ಕಳಿಸಿಬಿಡಾಣ," ಎಂದ ಮೈದುನ ಸಿದ್ದರಾಮೇಶ್. ಕಿರಾಣಿ ವ್ಯಾಪಾರಿ, ಮೇಷ್ಟ್ರಿಗಿಂತ ಏಳು ವರ್ಷ ಚಿಕ್ಕವನು. "ಮತ್ತ ಒಳಗ ತರೂದು ಇಲ್ಲಲ್ಲ."

ಚಂದ್ರಕಲಾ ಬೆಂಚು ಕೆಳಗಿಟ್ಟಳು. "ಇಲ್ಲಂದ್ರ?"

"ಇವತ್ತು ಆಡೋ ಮಾತಲ್ಲ ಇದು. ಆದ್ರ ನೀವ ಕೇಳಿದ್ರಿ. ಮೊಬೈಲ್ ಅಂಗಡಿಯಾಂವ ಪಡಸಾಲಿಗೆ ತಿಂಗ್ಳಿಗೆ ಆರು ಸಾವಿರ ಕೊಡ್ತೀನಿ ಅಂದು ವರ್ಷ ಆತು. ಅಣ್ಣ ಇರೂತನಕ ನಾನು ಬಾಯಿ ಬಿಟ್ಟಿಲ್ಲ."

ಅದು ನಿಜ. ಮನೆ ಪಾಲಾದಾಗ ಬೀದಿಯ ಕಡೆಯ ಪಡಸಾಲೆ ತಮ್ಮನಿಗೂ ಹಿಂದಿನ ಎರಡು ಕೋಣೆ ಅಣ್ಣನಿಗೂ ಬಂದಿದ್ದವು. ತಮ್ಮ ಒಂದು ದಿನವೂ ಬಾಡಿಗೆ ಕೇಳಿರಲಿಲ್ಲ.

"ಕ್ಲಾಸು ನಿಲ್ಲಂಗಿಲ್ಲ," ಎಂದಳು ಚಂದ್ರಕಲಾ. "ನಾಗವೇಣಿ ನಡೆಸ್ತಾಳ. ಬಂದದ್ರಾಗ ಅಕಿಗೆ ಅರ್ಧ, ನನಗ ಅರ್ಧ. ಪ್ಯಾಂಟಿನ ದಾರ ಕತ್ತರಿಸಿ ಎಷ್ಟು ದಿನ ಉಣ್ಣಲಿ? ಪಡಸಾಲಿ ಹೋದ್ರ ನಾನು ಮಡಕಶಿರಾಕ್ಕ ತಮ್ಮನ ಮನಿಗೆ ಹೋಗಿ ಬೀಳಬೇಕು."

"ನಡೆಸಾಕ ಏನೈತ್ರಿ ಅಲ್ಲಿ? ಇಪ್ಪತ್ತಾರು ವರ್ಷದಾಗ ಯಾರಿಗೆ ಬಂತು ಇಂಗ್ಲಿಷು?" ಸಿದ್ದರಾಮೇಶನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. "ತಿಪ್ಪೇರುದ್ರಪ್ಪ ಮೇಷ್ಟ್ರ ಹತ್ರ ಕಲ್ತೆ, ನನಗ ಬರ್ತೈತಿ ಅಂತ ಒಬ್ಬ, ಒಬ್ಬ ಅಂದ್ರ ಒಬ್ಬ, ನನ್ನ ಎದುರಿಗೆ ಹೇಳ್ಲಿ. ಪಡಸಾಲಿ ಬಿಡ್ತೀನಿ. ನಾಗವೇಣಿ ಲೆಕ್ಕಕ್ಕಿಲ್ಲ, ಅಕಿಗೆ ಇದು ಹೊಟ್ಟಿಪಾಡು."

"ಒಬ್ಬರು ಸಾಕಾ?"

"ಸಾಕು. ಸಂಜಿಗೆ ಮಣ್ಣು ಮುಗಿಯೂದ್ರೊಳಗ."

*

೧೯೯೮ರ ಜೂನ್‌ನಲ್ಲಿ ಮೇಷ್ಟ್ರು ಶಾಲೆಯ ಕೆಲಸ ಬಿಟ್ಟರು. ವರ್ಷಕ್ಕೆ ಒಂಬತ್ತು ತಿಂಗಳು ಮಾತ್ರ ಸಂಬಳ ಕೊಡುತ್ತಿದ್ದ ಶಾಲೆ ಅದು. ಪಡಸಾಲೆಯಲ್ಲಿ ಇಂಗ್ಲಿಷ್ ಕ್ಲಾಸು ತೆರೆಯುತ್ತೇನೆಂದಾಗ ಊರಿನವರು ನಕ್ಕರು. ಹಿಂದಿನ ವರ್ಷ ಎಲ್ಲಿಂದಲೋ ಬಂದವನೊಬ್ಬ ಮೂರು ತಿಂಗಳ ಫೀಸು ಮುಂಗಡ ಎತ್ತಿ, ಹದಿನೈದನೆಯ ದಿನ ಬೋರ್ಡು ಬಿಚ್ಚಿಕೊಂಡು ಹೋಗಿದ್ದ.

ಮೇಷ್ಟ್ರು ಹಳದಿ ಕಾಗದದಲ್ಲಿ ಐನೂರು ಕರಪತ್ರ ಅಚ್ಚು ಹಾಕಿಸಿದರು. ಗಡಿಯ ಊರಾದ್ದರಿಂದ ಒಂದು ಬದಿ ಕನ್ನಡ, ಇನ್ನೊಂದು ಬದಿ ತೆಲುಗು. 'ಐದು ನಿಮಿಷ ನಿಲ್ಲದೆ ಇಂಗ್ಲಿಷಿನಲ್ಲಿ ಮಾತನಾಡಿದ ದಿನ ಫೀಸು ಕೊಡಿ. ಅಲ್ಲಿಯವರೆಗೆ ತಿಂಗಳಿಗೆ ಮೂವತ್ತು ರೂಪಾಯಿ ಚಾಕ್‌ಪೀಸಿನ ಖರ್ಚು ಮಾತ್ರ.' ಫೀಸು ಆರುನೂರು. ಮೊದಲನೆಯ ಸಾಲನ್ನು ಬೋರ್ಡಿನ ಮೇಲೂ ಬರೆಸಿದರು.

ತಿಂಗಳ ಕೊನೆಯ ಶನಿವಾರ ಪರೀಕ್ಷೆ. ಗಡಿಯಾರ ತನ್ನ ಕೈಯಲ್ಲಿದ್ದರೆ ಮುಳ್ಳಿಗಿಂತ ಮೊದಲು ಮನಸ್ಸು ಓಡುತ್ತದೆ ಎಂದು ಮೇಷ್ಟ್ರು ಅದನ್ನು ಹೆಂಡತಿಗೆ ಕೊಟ್ಟರು. ಪಡಸಾಲೆ ಮತ್ತು ಅಡುಗೆಮನೆಯ ನಡುವಿನ ಹೊಸ್ತಿಲ ಮೇಲೆ ಚಂದ್ರಕಲಾ ಕೂರುತ್ತಿದ್ದಳು. ಇನ್ನರ್ಧ ನಿಮಿಷ ಉಳಿದಿದೆ, ಧೈರ್ಯ ಬಿಡಬೇಡ ಎಂದು ತಿಳಿಸಲು ನಾಲ್ಕೂವರೆ ನಿಮಿಷಕ್ಕೆ ಬಲಗೈ ಎತ್ತುತ್ತಿದ್ದಳು. ಇದೂ ಕರಪತ್ರದಲ್ಲಿತ್ತು.

ಮೊದಲ ವರ್ಷ ಹತ್ತೊಂಬತ್ತು ಮಂದಿ ಐದು ನಿಮಿಷ ದಾಟಿದರು. ಎರಡನೆಯ ವರ್ಷ ಏಳು ಮಂದಿ. ಆಮೇಲೆ ಹುಡುಗರು ಫೀಸು ತಪ್ಪಿಸುವ ದಾರಿ ಕಂಡುಕೊಂಡರು. ಕೈ ಮೇಲೆದ್ದ ಕೂಡಲೇ ತಡವರಿಸಿ, ತಲೆ ಕೆರೆದು, "ಸಾರಿ ಸರ್," ಎಂದು ಕೂತುಬಿಡುತ್ತಿದ್ದರು. ಚಹಾದಂಗಡಿಯಲ್ಲಿ ಮೇಷ್ಟ್ರಿಗೆ ನಾಲ್ಕೂವರೆ ಎಂಬ ಹೆಸರು ಬಿತ್ತು.

*

ಹತ್ತು ಗಂಟೆಗೆ ಜನ ಸೇರಿದರು. ಭಜನೆಯವರು ತಾಳ ಹಿಡಿದರು. ಜೀನ್ಸ್ ಹೊಲಿಯುವ ಘಟಕದ ಹೆಂಗಸರು ಗುಂಪಾಗಿ ಬಂದು, "ಪಾಪಂ, ಮಂಚಿ ಸಾರು," ಒಳ್ಳೆಯ ಮೇಷ್ಟ್ರು ಎಂದು ತೆಲುಗಿನಲ್ಲಿ ಹೇಳಿ ಊದುಬತ್ತಿ ಹಚ್ಚಿ ಹೋದರು. ಬಂದವರೆಲ್ಲ ಒಂದೇ ಮಾತು ಹೇಳಿದರು. ದೇವರಂಥ ಮನುಷ್ಯ.

ಚಂದ್ರಕಲಾ ಮೊದಲು ಹಿಡಿದದ್ದು ಹನುಮೇಶನನ್ನು. ಬಳ್ಳಾರಿಯ ಉಕ್ಕಿನ ಕಂಪನಿಯೊಂದರ ಕಚೇರಿಯಲ್ಲಿ ಅವನಿಗೆ ಕೆಲಸ. ಹೊರನಾಡಿನವರ ಜೊತೆ ದಿನವೂ ಫೋನಿನಲ್ಲಿ ಮಾತಾಡುತ್ತಾನೆಂದು ಅವನ ತಾಯಿಯೇ ಹೇಳಿಕೊಂಡು ಓಡಾಡುತ್ತಿದ್ದಳು.

"ಹನುಮೇಶ, ನೀನು ಇಲ್ಲೇ ಅಲ್ಲೇನು ಕಲ್ತದ್ದು?"

ಅವನು ಗೋಡೆಗೆ ಒರಗಿ ಕೂತಿದ್ದ ಮೇಷ್ಟ್ರ ಕಡೆ ನೋಡಿದ, ಅವಳ ಮುಂಗೈಯ ಗಡಿಯಾರದ ಕಡೆ ನೋಡಿದ. "ಎಲ್ಲಿ ಕಲ್ತೆ ಅಕ್ಕಾ? ನನ್ನದು ದಡ್ಡ ತಲಿ. ನಾಲ್ಕೂವರೆಗೇ ನಿಂತುಬಿಡ್ತಿದ್ದೆ, ನೀವ ನೋಡೀರಲ್ಲ."

"ಮತ್ತ ಕಂಪನಿಯಾಗ?"

"ಅಲ್ಲಿ ಹೋದಮ್ಯಾಲ ತಾನ ಬಂತ್ರಿ." ಅವನು ಹೂವಿನ ಹಾರ ಸರಿಪಡಿಸಲು ಎದ್ದು ಹೋದ.

ಮೊದಲ ಎರಡು ವರ್ಷ ಫೀಸು ಕೊಟ್ಟವರು ಯಾರೂ ಈಗ ಊರಲ್ಲಿರಲಿಲ್ಲ. ಇನ್ನೂ ಆರು ಮಂದಿಯನ್ನು ಕೇಳಿದಳು. ಬ್ಯಾಂಕಿನಲ್ಲಿರುವ ಒಬ್ಬ ತನಗೆ ಕಲಿಸಿದ್ದು ಯೂಟ್ಯೂಬ್ ಎಂದ. ಇನ್ನೊಬ್ಬ ಕೇಳುವ ಮೊದಲೇ ಅಳತೊಡಗಿದ. ಮೇಷ್ಟ್ರನ್ನು ಹೊಗಳಲು ಯಾರೂ ಹಿಂಜರಿಯಲಿಲ್ಲ. ಅವರಿಂದ ಕಲಿತೆ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಕಲಿತೆ ಎಂದರೆ ಐದು ನಿಮಿಷ ಆಯಿತೆಂದು, ಫೀಸು ಬಾಕಿಯೆಂದು ಅರ್ಥ. ಬಾಗಿಲ ಬಳಿ ನಿಂತ ಸಿದ್ದರಾಮೇಶ್ ಬಂದವರಿಗೆ ನೀರು ಕೊಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಹನ್ನೆರಡೂವರೆಗೆ ಚಂದ್ರಕಲಾಳ ತಮ್ಮ ಮುದ್ದಪ್ಪ ಮಡಕಶಿರಾದಿಂದ ಬಂದ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಬಂದಿದ್ದ, ಅಂಗಿಯೆಲ್ಲ ಧೂಳು. ಭಾವನ ಪಾದ ಮುಟ್ಟಿ, ಅಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ಇಲ್ಲೇನೈತೆ ಇನ್ನ? ನಮ್ಮನೆಗೆ ಬಂದ್ಬುಡು. ಹಿತ್ಲು ಕಡೆ ರೂಮೈತೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಕೊಂಡು, ಮಕ್ಕಳ್ನ ನೋಡ್ಕೊಂಡು ಇದ್ದುಬುಡು. ನಿಂಗೇನ್ ಕಮ್ಮಿ ಮಾಡ್ತೀವಾ?"

"ನಿನ್ ಹೆಂಡ್ತಿ ಏನಂತಾಳೆ?" ತಮ್ಮನ ಜೊತೆ ಅವಳಿಗೆ ತವರಿನ ಮಾತೇ ಬರುತ್ತಿತ್ತು.

"ಅವಳೇನಂತಾಳೆ," ಎಂದ ಮುದ್ದಪ್ಪ, ನೆಲ ನೋಡುತ್ತ. ಅಂಗಿಯ ಧೂಳು ಕೊಡವುತ್ತ ಸೇರಿಸಿದ: "ಭಾವ ಒಳ್ಳೇರು. ಒಳ್ಳೇರು ಕಣಕ್ಕ, ಆದ್ರೆ ಗೆಯ್ಯಕ್ಕೆ ಬರ್ಲಿಲ್ಲ. ನಮ್ಮೂರಾಗೆ ಬ್ಯಾಚ್ ಮಾಡಿದ್ದು ಗ್ಯಾಪ್ನ ಐತಾ?"

ಅವಳು ಮರೆತಿರಲಿಲ್ಲ. ಒಂದು ಬೇಸಿಗೆ ಮೇಷ್ಟ್ರು ಮಡಕಶಿರಾದಲ್ಲಿ ಎರಡು ತಿಂಗಳು ಪಾಠ ಮಾಡಿದ್ದರು. ಪಕ್ಕದ ರೊಳ್ಳದಿಂದಲೂ ಹುಡುಗರು ಬಂದಿದ್ದರು, ಒಟ್ಟು ಮೂವತ್ತನಾಲ್ಕು. ಐದು ನಿಮಿಷ ಮುಟ್ಟಿದವರು ಯಾರೂ ಇಲ್ಲ. ವಾಪಸು ಬರುವ ಬಸ್ ಚಾರ್ಜನ್ನು ಮುದ್ದಪ್ಪನೇ ಭಾವನ ಜೇಬಿಗೆ ಹಾಕಿದ್ದ.

*

ಮೂರು ವರ್ಷದ ಹಿಂದೆ ಅವಳು ಒಮ್ಮೆ ನೇರವಾಗಿ ಕೇಳಿದ್ದಳು. ಗೋವರ್ಧನನ ಜೀನ್ಸ್ ಘಟಕದಿಂದ ತಂದ ಪ್ಯಾಂಟುಗಳ ರಾಶಿ ಮುಂದಿತ್ತು. ಹೊಲಿಗೆಯ ತುದಿಯಲ್ಲಿ ಉಳಿದ ದಾರ ಕತ್ತರಿಸಿದರೆ ಪ್ಯಾಂಟಿಗೆ ಒಂದೂವರೆ ರೂಪಾಯಿ. ಮನೆ ನಡೆಯುತ್ತಿದ್ದದ್ದು ಅದರಿಂದ. ಗೋವರ್ಧನನೂ ಮೇಷ್ಟ್ರ ಶಿಷ್ಯನೇ. ಹೊಲಿಯುವ ಹುಡುಗನಾಗಿದ್ದಾಗ ಎರಡು ವರ್ಷ ಕೂತಿದ್ದ, ಹದಿನಾಲ್ಕು ಸಲ ನಾಲ್ಕೂವರೆಗೆ ನಿಂತಿದ್ದ. ಈಗ ಅವನ ಕೈಕೆಳಗೆ ಅರವತ್ತು ಮಷಿನ್ ಓಡುತ್ತಿದ್ದವು.

"ರೀ, ನನ್ನ ಕೈ ನೋಡೇ ನಿಲ್ಲಸ್ತಾರವರು. ಊರೆಲ್ಲ ಗೊತ್ತೈತಿ. ಮುಂದಿನ ಸಲ ನಾನು ಕೈ ಎತ್ತಂಗಿಲ್ಲ."

"ಎತ್ತಬೇಕು," ಎಂದರು ಮೇಷ್ಟ್ರು. "ಅಚ್ಚು ಹಾಕ್ಸೀವಿ. ಹೇಳಿದ್ದು ಮಾಡಬೇಕು."

"ಹಂಗಾರ ಫೀಸು ಮೊದ್ಲ ತಗೋರಿ."

"ಕಲಿಸದ ಹೆಂಗ ತಗೊಳ್ಳಲಿ? ಅವರಿಗೆ ಬರ್ತಿದ್ರ ಯಾಕ ನಿಲ್ಲಸ್ತಾರ? ಕೊನೀ ಅರ್ಧ ನಿಮಿಷದಾಗ ಉಸಿರು ಸೋಲ್ತೈತಿ. ನಾನ ಸರಿ ಕಲಿಸಿಲ್ಲ."

ಅವಳು ಕತ್ತರಿ ಕೆಳಗಿಟ್ಟು ಗಂಡನ ಮುಖ ನೋಡಿದಳು. ತಮಾಷೆಯಿರಲಿಲ್ಲ. ಮರುವಾರ ಅವರು 'ಕೊನೆಯ ಅರ್ಧ ನಿಮಿಷ' ಎಂಬ ಹೊಸ ಪಾಠ ಬರೆದರು: ಮಾತು ಮುಗಿಸುವುದು ಹೇಗೆ, ಹನ್ನೆರಡು ವಾಕ್ಯ. ಪ್ರತಿ ಬ್ಯಾಚಿಗೂ ಅದನ್ನು ಎರಡೆರಡು ಸಲ ಹೇಳಿಕೊಟ್ಟರು. ಆ ವರ್ಷ ಐದು ನಿಮಿಷ ದಾಟಿದವಳು ನಾಗವೇಣಿ ಒಬ್ಬಳೇ.

*

ನಾಲ್ಕು ಗಂಟೆಗೆ ಮೆರವಣಿಗೆ ರುದ್ರಭೂಮಿ ಮುಟ್ಟಿತು. ಮೇಷ್ಟ್ರನ್ನು ಕೂರಿಸಿ ಹೊತ್ತ ಹೂವಿನ ವಿಮಾನದ ಖರ್ಚು ಗೋವರ್ಧನನದು. ಮುಂದಿನ ಬಲಗಡೆ ಹೆಗಲು ಕೊಟ್ಟವನೂ ಅವನೇ. ಮೇಷ್ಟ್ರನ್ನು ಕುಣಿಯಲ್ಲಿ ಉತ್ತರಕ್ಕೆ ಮುಖ ಮಾಡಿ ಕೂರಿಸಿದರು. ಅಯ್ಯನವರು ಅವರ ಎಡಗೈಯಲ್ಲಿ ಲಿಂಗವಿಟ್ಟು ಮಂತ್ರ ಮುಗಿಸಿ, "ಮಣ್ಣಿಗೆ ಮೊದ್ಲು ಯಾರಾದ್ರೂ ಎರಡು ಮಾತು ಹೇಳ್ರಿ," ಎಂದರು.

ಎಲ್ಲರೂ ಗೋವರ್ಧನನನ್ನು ಮುಂದೆ ತಳ್ಳಿದರು.

"ಇಂಗ್ಲಿಷ್‌ನಾಗ ಹೇಳ್ರಲ್ಲ ಗೋವರ್ಧನಣ್ಣ," ಎಂದ ಸಿದ್ದರಾಮೇಶ್. "ನಮ್ಮಣ್ಣ ಅಷ್ಟು ವರ್ಷ ಏನು ಕಲಿಸಿದ ಅಂತ ನಾನೂ ಒಮ್ಮೆ ಕೇಳ್ತೀನಿ."

ಇನ್ನೂರು ಜನ ನಿಂತಿದ್ದರು, ಅವರಲ್ಲಿ ಅರ್ಧ ಅವನ ಕೆಲಸದವರೇ. ಅವರೆದುರು ಬರುವುದಿಲ್ಲ ಎನ್ನಲು ಗೋವರ್ಧನನಿಗೆ ಆಗಲಿಲ್ಲ. ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

ಹೆಂಗಸರ ಸಾಲಿನ ಮುಂದೆ ನಿಂತಿದ್ದ ಚಂದ್ರಕಲಾ ಮುಂಗೈ ನೋಡಿಕೊಂಡಳು. ನಾಲ್ಕೂ ಇಪ್ಪತ್ತು.

ಅವನು ತಡವರಿಸಲಿಲ್ಲ. ಮೊದಲ ದಿನ ಮೇಷ್ಟ್ರು ನಿನ್ನ ಹೊಲಿಗೆ ಮಷಿನ್ ಬಗ್ಗೆ ಹೇಳು ಎಂದದ್ದು, ಸೂಜಿ, ದಾರ, ಪೆಡಲ್ ಎಂದು ಮೂರೇ ಪದ ಹೇಳಿ ತಾನು ಕೂತದ್ದು, ಜ್ವರ ಬಂದು ಮೂರು ದಿನ ತಪ್ಪಿಸಿದಾಗ ಮೇಷ್ಟ್ರು ಮನೆಗೇ ಬಂದು ಮಂಚದ ಪಕ್ಕ ಪಾಠ ಮಾಡಿದ್ದು, ಎಲ್ಲ ಒಂದರ ಹಿಂದೆ ಒಂದು ಬಂತು. ಇಪ್ಪತ್ತಾರು ವರ್ಷ ಹೊಸ್ತಿಲ ಮೇಲೆ ಕೂತು ಕೇಳಿದ ಭಾಷೆ. ಚಂದ್ರಕಲಾಗೆ ಪ್ರತಿ ಮಾತೂ ತಿಳಿಯುತ್ತಿತ್ತು. ಒಂದು ನಿಮಿಷ. ಎರಡು. ಮೂರು. ಗೋವರ್ಧನನ ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. ಸಿದ್ದರಾಮೇಶ್ ಕತ್ತು ಮುಂದೆ ಚಾಚಿ ಕೇಳುತ್ತಿದ್ದ.

"ಇವತ್ತು ನನಗೆ ಬರುವ ಇಂಗ್ಲಿಷೆಲ್ಲ," ಎಂದು ಗೋವರ್ಧನ ಇಂಗ್ಲಿಷಿನಲ್ಲಿ ಹೊಸ ವಾಕ್ಯ ಹಿಡಿದ.

ನಾಲ್ಕೂವರೆ ನಿಮಿಷವಾಗಿತ್ತು. ಚಂದ್ರಕಲಾಳ ಬಲಗೈ ತಾನಾಗಿಯೇ ಮೇಲೆದ್ದಿತು.

ಗೋವರ್ಧನ ಕೈ ನೋಡಿದ. ಬಾಯಿ ನಿಂತಿತು. ತಲೆ ಕೆರೆದುಕೊಂಡು, "ಸಾರಿ ಸರ್," ಎಂದು ಕುಣಿಗೆ ಕೈಮುಗಿದು ಹಿಂದೆ ಸರಿದ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆದುಕೊಂಡು ಕೆಮ್ಮಿದರು. ಹನುಮೇಶ್ ನೆಲ ನೋಡುತ್ತಿದ್ದ. ಚಂದ್ರಕಲಾ ಎತ್ತಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿದಳು.

"ಮಣ್ಣು ಹಾಕ್ರಿ," ಎಂದರು ಅಯ್ಯನವರು.

ಮನೆಗೆ ಬಂದು ಕಾಲು ತೊಳೆಯುವಾಗ ಸಿದ್ದರಾಮೇಶ್ ನಾಗವೇಣಿಯನ್ನು ಕೇಳಿದ, "ಅವ ಮಾತಾಡಿದ್ದು ಸರಿ ಇಂಗ್ಲಿಷಾ?"

"ಒಂದು ತಪ್ಪಿಲ್ರಿ."

ಅವನು ಚೊಂಬು ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದ. "ನಾನು ಕೇಳಿದ ಮಾತು ಅವ ಹೇಳ್ಲಿಲ್ಲ. ನೀವು ಗೆದ್ರಿ ಅಂತಲ್ಲ. ಆದ್ರ ನಾನು ಕಿವುಡ ಅಲ್ಲ. ಮಾಲು ಚಲೋ ಐತಿ, ಮಾರಾಟ ಬರ್ಲಿಲ್ಲ ನಮ್ಮಣ್ಣಗ. ಪಡಸಾಲಿ ಇಟ್ಕೋರಿ. ತಿಂಗ್ಳಿಗೆ ಮೂರು ಸಾವಿರ ಬಾಡಿಗಿ. ಫೀಸು ಮಾತ್ರ ಮೊದ್ಲ ತಗೋಬೇಕು. ಬೋರ್ಡಿನ ಮ್ಯಾಲಿನ ಆ ಸಾಲು ಅಳಿಸ್ರಿ."

ಚಂದ್ರಕಲಾ ಅದೇ ಚೊಂಬು ಎತ್ತಿ ತನ್ನ ಕಾಲು ತೊಳೆದುಕೊಂಡಳು. ಆಮೇಲೆ, "ಬೆಂಚು ಒಳಗ ತರಸ್ರಿ," ಎಂದಳು.

ಮುದ್ದಪ್ಪ ಭಾನುವಾರದ ಬಸ್ಸಿಗೆ ಒಬ್ಬನೇ ವಾಪಸು ಹೋದ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ, ಮಂಗಳವಾರ, ಬೋರ್ಡಿನ ಮೊದಲ ಸಾಲಿಗೆ ಬಿಳಿ ಬಣ್ಣ ಹೊಡೆದರು. ಹೊಸ ಬ್ಯಾಚಿಗೆ ಮೊದಲು ಹೆಸರು ಬರೆಸಿದವನು ಗೋವರ್ಧನನ ಮಗ ಸುನೀಲ್. ಅಪ್ಪನೇ ಕರೆದುಕೊಂಡು ಬಂದಿದ್ದ. ಎರಡು ಸಾವಿರ ರೂಪಾಯಿ ಮುಂಗಡ ಕೊಟ್ಟು, ರಸೀದಿ ಕೇಳಿ ಪಡೆದುಕೊಂಡ.