ಬಸವಲಿಂಗಪ್ಪನವರ ಎಕೋ

“ಹಗೂರಕ ಕಾಕಾ, ಟೇಪು ಕಳಚೀತು,” ಎಂದು ಸಂಪದಾ ಹೇಳುವಷ್ಟರಲ್ಲಿ, ಭಜನಾ ಮೇಳದ ಚಂದ್ರಕಾಂತ ಹಳೆಯ ಟೇಪ್ ರೆಕಾರ್ಡರನ್ನು ಲಾರಿಗೆ ಏರಿಸಿಯಾಗಿತ್ತು. ಪಕ್ಕದ ಹೂವಿನ ಮಂಟಪದಲ್ಲಿ ಅವಳ ಅಪ್ಪ ಬಸವಲಿಂಗಪ್ಪನವರನ್ನು ಕೂರಿಸಿದ್ದರು. ತೀರಿಕೊಂಡದ್ದು ಹಿಂದಿನ ದಿನ.

ಸ್ಮಶಾನದಲ್ಲಿ ಕರೆಂಟಿಲ್ಲವೆಂದು ಸಂಪದಾ ಮಾದಾಪುರದ ತನ್ನ ಆಫೀಸಿನಲ್ಲಿ ಕಾಡಿ ಬೇಡಿ ಕಂಪ್ಯೂಟರಿನ ಯುಪಿಎಸ್ ತಂದಿದ್ದಳು.

“ಸಿಕಂದರಾಬಾದಿನಾಗ ಯಾರ ಮನ್ಯಾಗ ಭಜನಿ ಇದ್ರೂ ಇವರ ಎಕೋ ಹೋಗೂದು,” ಎಂದರು ತಾಯಿ ಗದಿಗೆಮ್ಮ. “ಇವರ ಮಣ್ಣಿಗೆ ಅದಿಲ್ಲಂದ್ರ ನಾ ಒಪ್ಪಂಗಿಲ್ಲ. ಕಡೀ ಪದಕ್ಕ ಎಕೋ ಬೇಕ.”

“ಇರ್ತೈತಿ ಅವ್ವ.”

*

ಹಾಡಿದ ದನಿಯನ್ನು ಮರುಕಳಿಸುವ ಎಕೋ ಯಂತ್ರವನ್ನು ಅಂಗಡಿಯಿಂದ ಕೊಳ್ಳುವ ತಾಕತ್ತು ಭಜನಾ ಮೇಳಕ್ಕೆಲ್ಲಿತ್ತು? ಬಸವಲಿಂಗಪ್ಪ ಗುಜರಿಯಿಂದ ರೀಲಿನ ಟೇಪ್ ರೆಕಾರ್ಡರು ತಂದು, ತುಂಡು ಟೇಪಿನ ಎರಡು ತುದಿ ಅಂಟಿಸಿ ಬಳೆ ಮಾಡಿ ಸುತ್ತಲು ಬಿಟ್ಟರು. ಒಂದು ಹೆಡ್ಡು ಹಿಡಿದ ದನಿಯನ್ನು ಆಚೆಗಿನ ಇನ್ನೊಂದು ಹೆಡ್ಡು ವಾಪಸು ಕೊಡುತ್ತಿತ್ತು. ಮತ್ತೊಮ್ಮೆ, ಸಣ್ಣಗೆ. ಇನ್ನೊಮ್ಮೆ, ಇನ್ನೂ ಸಣ್ಣಗೆ.

ಮೊದಲ ದಿನ ಚಂದ್ರಕಾಂತ ಉಸಿರು ಬಿಡದೆ ಹಾಡಿದ. ಒಂದು ಸಾಲಿನ ಮೇಲೆ ಇನ್ನೊಂದು ಬಿದ್ದು ಸಂತೆಯಾಯಿತು.

“ಯಾಕ ಅವಸರ ಮಾಡ್ತೀಪಾ? ನೀ ಅಂದದ್ದು ತಿರುಗಿ ಬರೂತನಕ ನಿಂದ್ರು,” ಎಂದರು ಬಸವಲಿಂಗಪ್ಪ. ಅಂದಿನಿಂದ ಇಡೀ ಮೇಳ ಸಾಲಿಗೊಮ್ಮೆ ನಿಲ್ಲುವುದನ್ನು ಕಲಿಯಿತು.

*

ಯುಪಿಎಸ್ ಮೇಲೆ ಎಕೋ ಸುತ್ತುತ್ತಿತ್ತು, ಲಾರಿ ಹಾಡುತ್ತಲೇ ಸಾಗಿತು. ಅಂಗಡಿಯವರು ಹೊರಬಂದು ಕೈ ಮುಗಿದರು. ಅಪ್ಪನ ಬಗ್ಗೆ ಇಷ್ಟು ಹೆಮ್ಮೆ ಸಂಪದಾಳಿಗೆ ಎಂದೂ ಆಗಿರಲಿಲ್ಲ. ಆದರೆ ಟ್ರಾಫಿಕ್ಕು ಬಿಡಬೇಕಲ್ಲ! ಸ್ಮಶಾನದ ಗೇಟಿಗೆ ಬರುವಷ್ಟರಲ್ಲಿ ಯುಪಿಎಸ್ ಕುಂಯ್‌ಗುಟ್ಟಿ ಕೈಕೊಟ್ಟಿತು.

“ಅವ್ವ, ಬ್ಯಾಟರಿ ಮುಗೀತು,” ಎಂದಳು, ಅಳು ತಡೆಯದೆ. ಗದಿಗೆಮ್ಮ ತಲೆ ತಗ್ಗಿಸಿದರು.

ಬಸವಲಿಂಗಪ್ಪನವರನ್ನು ಗುಂಡಿಗೆ ಇಳಿಸಿದರು. ಚಂದ್ರಕಾಂತ ಬರಿಗಂಟಲಿನಲ್ಲೇ ಕೊನೆಯ ಪದ ಎತ್ತಿದ. “ಶಿವನೇ” ಎಂದು ಮೊದಲ ಸಾಲು ಮುಗಿಸಿ ನಿಂತ. ತಾಳ ನಿಂತಿತು, ಮೇಳವೂ ನಿಂತಿತು. ತಿರುಗಿ ಏನೂ ಬರಲಿಲ್ಲ.

“ಮರ್ತ್ರೇನು?” ಎಂದು ಕೇಳಿದರು ಪೂಜೆಯ ಅಯ್ಯನವರು.

“ಇಲ್ರಿ. ಇಲ್ಲಿ ನಿಂದ್ರಬೇಕ್ರಿ. ಅವರ ಕಲಿಸಿದ್ದು.”

ಎರಡನೆಯ ಸಾಲನ್ನೂ “ಶಿವನೇ” ಎಂದೇ ಮುಗಿಸಿ ಮತ್ತೆ ನಿಂತರು. ಈ ಸಲ ಗದಿಗೆಮ್ಮ ತಲೆಯೆತ್ತಿ “ಶಿವನೇ” ಎಂದರು. ಅವರ ಹಿಂದೆ ಸಂಪದಾ, ಸಣ್ಣಗೆ. ಅವಳ ಹಿಂದೆ, ಕೇಳಿಯೂ ಕೇಳಿಸದಷ್ಟು, ಗೇಟಿನ ಬಳಿ ನಿಂತಿದ್ದ ತೆಲುಗು ಲಾರಿ ಡ್ರೈವರು.

ಅದೂ ಮುಗಿಯುವ ತನಕ ಕಾದು, ಚಂದ್ರಕಾಂತ ಮೂರನೆಯ ಸಾಲಿಗೆ ಬಾಯಿ ತೆರೆದ.