ತಡೆದವನ ಲೆಕ್ಕ

ಆಟದ ಅಂಕಿಅಂಶಗಳ ಎರಡೂ ಹಾಳೆಗಳಲ್ಲಿ ಡೋರೀನ್ ಮೂರನೆಯ ಸಲ ಹುಡುಕಿದಳು. ಮಗನ ಹೆಸರು ಒಂದೇ ಕಡೆ ಇತ್ತು, ಅದೂ ತಪ್ಪುಗಳ ಪಟ್ಟಿಯಲ್ಲಿ: ವೆಸ್ ಕ್ಲಾಸನ್, ನಂಬರ್ ಅರವತ್ತೆಂಟು, ಎದುರಾಳಿಯನ್ನು ಕೈಯಿಂದ ಹಿಡಿದದ್ದಕ್ಕೆ ಹತ್ತು ಗಜ ದಂಡ. ನಿನ್ನೆಯ ಆಟದ ಮಿಕ್ಕ ಅಂಕಿಗಳೆಲ್ಲ ಬೇರೆಯವರ ಪಾಲು. ಅದರಲ್ಲೂ ಅರ್ಧಕ್ಕರ್ಧ ಟ್ರೆಂಟ್ ಹಾಗ್ಸೆಟ್‌ನದು.

ಭಾನುವಾರದ ಮಧ್ಯಾಹ್ನ. ಚರ್ಚಿನಿಂದ ಬಂದವರು ಬಟ್ಟೆಯನ್ನೂ ಬದಲಾಯಿಸದೆ ಊಟಕ್ಕೆ ಕೂತಿದ್ದರು. ವೆಸ್ ಮೂರನೆಯ ತುಂಡು ಹಂದಿಮಾಂಸವನ್ನು ತಟ್ಟೆಗೆ ಹಾಕಿಕೊಂಡ. ಮುನ್ನೂರು ಪೌಂಡಿನ ದೇಹ, ಅದಕ್ಕೆ ತಕ್ಕ ಹಸಿವು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವನ ಕೆಲಸ ಇಷ್ಟೇ: ಎದುರಿಗೆ ಬಂದವನನ್ನು ಎದೆಕೊಟ್ಟು ತಳ್ಳಿ ದಾರಿ ಬಿಡಿಸುವುದು. ಆ ದಾರಿಯಲ್ಲಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವವನು ಟ್ರೆಂಟ್.

"ಓಡಿದೋನಿಗೆ ಲೆಕ್ಕ, ಎಸೆದೋನಿಗೆ ಲೆಕ್ಕ, ಹಿಡಿದೋನಿಗೆ ಲೆಕ್ಕ. ಒದೆಯೋನಿಗೂ ಲೆಕ್ಕ ಇಟ್ಟವ್ರೆ. ನಾಲ್ಕು ವರ್ಷ ದಾರಿ ಬಿಡಿಸಿದೋನಿಗೆ ಇದರಲ್ಲಿ ಏನಿದೆ ಹೇಳಿ ನೋಡೋಣ?" ಎಂದು ಡೋರೀನ್ ಹಾಳೆಗಳನ್ನು ಗಂಡನ ಕಡೆ ತಳ್ಳಿದಳು.

ಲೈಲ್ ಜೋಳದ ಬೀಜ ಮಾರುವವನು. ಎಕರೆಗೆ ಎಷ್ಟು ಇಳುವರಿ ಎಂಬುದರಾಚೆಗೆ ಅವನಿಗೆ ಅಕ್ಕರೆಯಿದ್ದ ಅಂಕಿ ಎಂದರೆ ಆಟದವೇ. "ಗಜ ತಗೊಂಡು ಉಪ್ಪಿನಕಾಯಿ ಹಾಕ್ತೀಯಾ? ಗಜ ಆಟ ಗೆಲ್ಲಿಸಲ್ಲ ಕಣೇ. ಚೆಂಡನ್ನ ಎಷ್ಟು ಸಲ ಕಳ್ಕೊಂಡ್ರು, ಮೂರನೇ ಪ್ರಯತ್ನದಲ್ಲಿ ಎಷ್ಟು ಸಲ ಹತ್ತು ಗಜ ದಾಟಿದ್ರು, ಇವೆರಡು ನೋಡು, ಸಾಕು. ಚೆಂಡು ಯಾರ ಹತ್ರ ಎಷ್ಟು ಹೊತ್ತಿತ್ತು ಅಂತ ಬರ್ಕೊಂಡವ್ರಲ್ಲ, ಅದನ್ನಂತೂ ಒಲೆಗೆ ಹಾಕು."

"ತಡೆದೋರದು?"

"ಅದಕ್ಕೆ ಲೆಕ್ಕ ಇಲ್ಲ."

"ಯಾಕಿಲ್ಲ?"

ಲೈಲ್ ಆಲೂಗಡ್ಡೆಯ ಮೇಲೆ ಗ್ರೇವಿ ಸುರಿದುಕೊಂಡ.

ಡೋರೀನ್‌ಳ ಕಣ್ಣಿಗೆ ಚುಚ್ಚುತ್ತಿದ್ದದ್ದು ಆ ಹಾಳೆಗಿಂತ ಹೆಚ್ಚಾಗಿ ಮಾರ್ಲಾ ಹಾಗ್ಸೆಟ್‌ಳ ಜಾಕೆಟ್ಟು. ಟ್ರೆಂಟ್‌ನ ತಾಯಿ ತನ್ನ ನೀಲಿ ಜಾಕೆಟ್ಟಿನ ಬೆನ್ನ ಮೇಲೆ ಮಗ ಈ ವರ್ಷ ಓಡಿದ ಒಟ್ಟು ಗಜವನ್ನು ಬಿಳಿ ಉಣ್ಣೆಯ ಅಂಕಿಗಳಲ್ಲಿ ಅಂಟಿಸಿಕೊಂಡು ಬರುತ್ತಿದ್ದಳು. ಪ್ರತಿ ವಾರ ಹಳೆಯದನ್ನು ಕಿತ್ತು ಹೊಸದು. ಈಗ ಅಲ್ಲಿ ಸಾವಿರದ ನೂರ ಎಂಬತ್ತಮೂರು. ಇನ್ನು ನೂರ ಮೂರು ಗಜ ಓಡಿದರೆ ಕಾಲೇಜಿನ ನಲವತ್ತು ವರ್ಷದ ದಾಖಲೆ ಮುರಿಯುತ್ತದೆ. ಉಳಿದಿರುವುದು ಒಂದೇ ಆಟ. ಹುಡುಗರಿಬ್ಬರಿಗೂ ಅದು ಕೊನೆಯದು.

"ಮುಂದಿನ ಶನಿವಾರ ಒಂದ್ಸಲ, ಒಂದೇ ಸಲ, ನಿನ್ನೆದುರಿಗೆ ಇರೋನ್ನ ಬಿಟ್ಟುಬಿಡೋ. ಆ ಗಜ ಯಾರದು ಅಂತ ಊರಿಗೆ ಆಗ ಗೊತ್ತಾಗುತ್ತೆ," ಎಂದಳು ಡೋರೀನ್.

ವೆಸ್ ಅಗಿಯುವುದನ್ನು ನಿಲ್ಲಿಸಿದ. "ಅಮ್ಮ, ಟ್ರೆಂಟ್ ನನ್ನ ರೂಮಲ್ಲಿ ಇರೋನು."

"ತಮಾಷೆಗಂದೆ ಕಣಪ್ಪ."

ವೆಸ್ ನಾಲ್ಕನೆಯ ತುಂಡು ಹಾಕಿಕೊಳ್ಳಲಿಲ್ಲ.

ಶನಿವಾರ ಅಯೋವಾದ ನವೆಂಬರ್ ಗಾಳಿ ಕಟಾವಾದ ಜೋಳದ ಹೊಲಗಳ ಮೇಲಿಂದ ನೇರವಾಗಿ ಮೈದಾನಕ್ಕೆ ನುಗ್ಗುತ್ತಿತ್ತು. ಮಾರ್ಲಾ ತನ್ನ ಕಂಬಳಿಯ ಅರ್ಧವನ್ನು ಕೇಳದೆಯೇ ಡೋರೀನ್‌ಳ ಮಂಡಿಯ ಮೇಲೆ ಹೊದಿಸಿದಳು. ಫ್ಲಾಸ್ಕಿನಿಂದ ಮಾಂಸ, ಬೀನ್ಸ್ ಹಾಕಿದ ಬಿಸಿ ಚಿಲ್ಲಿಯನ್ನು ಬಗ್ಗಿಸಿ, ಮನೆಯಲ್ಲೇ ಮಾಡಿದ ದಾಲ್ಚಿನ್ನಿ ರೋಲ್ ಜೊತೆಗೆ ಕೊಟ್ಟಳು. ಮಾರ್ಲಾ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

"ಇವತ್ತು ನಮ್ಮ ಹುಡುಗರನ್ನ ಹಿಡಿಯೋರೇ ಇಲ್ಲ ಬಿಡು!" ಎಂದಳು ಮಾರ್ಲಾ.

ನಮ್ಮ ಹುಡುಗರಂತೆ! ಅಂಕಿ ಮಾತ್ರ ನಿನ್ನ ಬೆನ್ನ ಮೇಲೆ, ಎಂದುಕೊಂಡು ಡೋರೀನ್ ರೋಲ್ ಕಚ್ಚಿದಳು. ರುಚಿಯಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

ಟ್ರೆಂಟ್ ಓಡಿದಾಗಲೆಲ್ಲ ಧ್ವನಿವರ್ಧಕ ಅವನ ಹೆಸರನ್ನು ರಾಗವಾಗಿ ಎಳೆಯುತ್ತಿತ್ತು. ವೆಸ್‌ನ ಹೆಸರು ಅದರ ಬಾಯಲ್ಲಿ ಬರುತ್ತಿದ್ದದ್ದು ತಪ್ಪು ಮಾಡಿದಾಗ ಮಾತ್ರ. ನಾಲ್ಕು ವರ್ಷಗಳಲ್ಲಿ ಹನ್ನೊಂದು ಸಲ, ಡೋರೀನ್ ಎಣಿಸಿದ್ದಳು. ಟ್ರೆಂಟ್ ಓಡುತ್ತಲೇ ಇದ್ದ: ಎಂಟು ಗಜ, ಹನ್ನೆರಡು, ಐದು. ಪ್ರತಿ ಓಟದಲ್ಲೂ ಜನರ ಕಣ್ಣು ಚೆಂಡಿನ ಹಿಂದೆ ಹೋದರೆ ಅವಳದು ಮಾತ್ರ ಹಿಂದೆ ಉಳಿದು, ಮಣ್ಣಿನಿಂದ ಏಳುತ್ತಿದ್ದ ಅರವತ್ತೆಂಟನ್ನು ನೋಡುತ್ತಿತ್ತು. ಅವನ ಪಕ್ಕ ನೆಲದ ಮೇಲೆ ಬಿದ್ದಿದ್ದ ಎದುರಾಳಿಯನ್ನು ಯಾರು ಬೀಳಿಸಿದ್ದು ಎಂದು ಕೂಗಿ ಹೇಳಬೇಕೆನಿಸುತ್ತಿತ್ತು.

ಕೊನೆಯ ಪಾಳಿಯಲ್ಲಿ ನಾಲ್ಕು ನಿಮಿಷ ಉಳಿದಿರುವಾಗ ತಂಡ ಹತ್ತು ಅಂಕ ಮುಂದಿತ್ತು. ಟ್ರೆಂಟ್ ಆ ಹೊತ್ತಿಗೆ ತೊಂಬತ್ತೇಳು ಗಜ ಓಡಿದ್ದ.

"ಇನ್ನಾರು! ಅಯ್ಯೋ ದೇವರೇ, ಇನ್ನಾರೇ ಆರು ಕಣೇ!" ಮಾರ್ಲಾ ಅವಳ ಕೈ ಹಿಡಿದುಕೊಂಡಳು.

ಚೆಂಡು ಟ್ರೆಂಟ್‌ನ ಕೈ ಸೇರಿತು. ಎಡಗಡೆ ಗೋಡೆ ಒಡೆದಂತೆ ದಾರಿ ಬಿಟ್ಟಿತು. ಮೂವತ್ತು ಗಜ, ಒಬ್ಬರೂ ಮುಟ್ಟಲಿಲ್ಲ. ಮೈದಾನವೆಲ್ಲ ಎದ್ದು ನಿಂತು ಕಿರುಚಿತು. ಮಾರ್ಲಾ ಅಳುತ್ತಾ ಡೋರೀನ್‌ಳನ್ನು ತಬ್ಬಿಕೊಂಡಳು. ಅವಳ ಭುಜದ ಮೇಲಿನಿಂದ ಡೋರೀನ್‌ಗೆ ತಪ್ಪು ಕಂಡಾಗ ತೀರ್ಪುಗಾರ ಎಸೆಯುವ ಹಳದಿ ಬಟ್ಟೆ ಹುಲ್ಲಿನ ಮೇಲೆ ಬಿದ್ದಿದ್ದು ಕಂಡಿತು.

"ಹಿಡಿದದ್ದು," ಎಂದಿತು ಧ್ವನಿವರ್ಧಕ. "ನಂಬರ್ ಅರವತ್ತೆಂಟು. ಓಟ ರದ್ದು."

ಜನ ಬೊಬ್ಬೆ ಹೊಡೆದರು. ಹಿಂದಿನ ಸಾಲಿನಿಂದ ಯಾರೋ, "ಆ ಕೋಣನ್ನ ಹೊರಗೆ ಹಾಕ್ರೋ!" ಎಂದು ಕೂಗಿದ. ಡೋರೀನ್‌ಗೆ ಮೊದಲು ಆದದ್ದು ಸಂತೋಷ. ಇದನ್ನು ಅವಳು ಮುಂದೆ ಯಾರ ಬಳಿಯೂ ಹೇಳಿಕೊಳ್ಳಲಿಲ್ಲ, ಆದರೆ ಆದದ್ದು ಅದೇ. ಆ ಒಂದು ಗಳಿಗೆ ಹೊಟ್ಟೆಯೊಳಗಿನ ಉರಿ ತಣ್ಣಗಾಯಿತು. ಮರುಗಳಿಗೆಯೇ ಭಾನುವಾರದ ಊಟದಲ್ಲಿ ತಾನು ಅಂದದ್ದು ನೆನಪಾಯಿತು.

ಹತ್ತು ಗಜ ಹಿಂದೆ ಬಿದ್ದ ತಂಡ, ಅಷ್ಟು ದೂರ ಓಡಿ ದಾಟಲಾಗದೆಂದು, ಎರಡು ಸಲ ಚೆಂಡು ಎಸೆದು ನೋಡಿತು, ಆಗಲಿಲ್ಲ, ಎದುರಾಳಿಗೆ ಒದ್ದುಕೊಟ್ಟಿತು. ಅವರು ಆಟ ಮುಗಿಯುವವರೆಗೂ ಅದನ್ನು ಹಿಂದಿರುಗಿಸಲಿಲ್ಲ. ತಂಡ ಗೆದ್ದಿತು. ದಾಖಲೆ ಆರು ಗಜದಲ್ಲಿ ತಪ್ಪಿತು.

"ಗೆದ್ವಲ್ಲ, ಅದು ಮುಖ್ಯ," ಎಂದ ಪಕ್ಕದಲ್ಲಿದ್ದ ಲೈಲ್, ಯಾರ ಮುಖವನ್ನೂ ನೋಡದೆ. ಮಾರ್ಲಾ ಕಣ್ಣೊರೆಸಿಕೊಂಡು ಕಂಬಳಿ ಮಡಿಸಿದಳು.

ಮೈದಾನದ ಅಂಚಿನಲ್ಲಿ ವೆಸ್ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಡೋರೀನ್ ಮೆಟ್ಟಿಲಿಳಿದು ಓಡುವಂತೆ ಹೋಗಿ ಅವನ ತೋಳು ಹಿಡಿದಳು.

"ಬೇಕಂತಲೇ ಮಾಡಿದ್ಯೇನೋ? ನಾನಂದೆ ಅಂತ?"

ವೆಸ್ ಅವಳನ್ನೇ ನೋಡಿದ. ಬೆವರಿಗೆ ಮಣ್ಣು ಕಲಸಿ ಅವನ ಮುಖ ಗುರುತು ಸಿಗದಂತಾಗಿತ್ತು.

"ಎದುರಿನೋನು ನನ್ನ ಕೈ ತಪ್ಪಿಸಿಕೊಂಡು ಟ್ರೆಂಟ್‌ನ ಮೊಣಕಾಲಿಗೇ ಹಾರಿದ ಅಮ್ಮ. ಹೋದ ವರ್ಷ ಆಪರೇಷನ್ ಆಯ್ತಲ್ಲ, ಆ ಕಾಲಿಗೆ. ಅಂಗಿ ಸಿಕ್ತು, ಹಿಡ್ಕೊಂಡೆ."

"ಸರಿ ಹಾಗಾದ್ರೆ. ನಾನು ಸುಮ್ಮನೆ..."

"ನಾನು ಅಂಥೋನು ಅಂತ ಅಂದ್ಕೊಂಡ್ಯಾ?"

ಅವಳು ಇಲ್ಲ ಎನ್ನಬೇಕಿತ್ತು, ತಕ್ಷಣವೇ ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಟ್ರೆಂಟ್ ಹಿಂದಿನಿಂದ ಬಂದು ವೆಸ್‌ನ ಕುತ್ತಿಗೆಗೆ ಜೋತುಬಿದ್ದ. "ಏಯ್ ಡುಮ್ಮ! ಕೊನೆಗೂ ಊರಿಗೆಲ್ಲ ನಿನ್ನ ನಂಬರ್ ಗೊತ್ತಾಯ್ತಲ್ಲೋ! ಬಾ, ಹಸಿವಾಗ್ತಿದೆ."

ವೆಸ್ ನಗಲು ನೋಡಿದ, ಆಗಲಿಲ್ಲ. ತಾಯಿಯ ಹಿಡಿತದಿಂದ ತೋಳನ್ನು ಮೆಲ್ಲಗೆ ಬಿಡಿಸಿಕೊಂಡು ಟ್ರೆಂಟ್‌ನ ಜೊತೆ ನಡೆದ.

ಗಾಡಿಗಳು ನಿಂತಿದ್ದ ಬಯಲಿನಲ್ಲಿ ಹಾಗ್ಸೆಟ್ ಮನೆಯವರ ಟ್ರಕ್ಕಿನ ಹಿಂಬಾಗಿಲು ಇಳಿಸಿತ್ತು. ಕೆಂಡದ ಮೇಲೆ ಸಾಸೇಜು ಬೇಯುತ್ತಿದ್ದವು. ಡೋರೀನ್ ಮಗನ ಕೋಟನ್ನು ಎತ್ತಿಕೊಂಡು ಬರುವಷ್ಟರಲ್ಲಿ ವೆಸ್ ಆ ಹಿಂಬಾಗಿಲ ಮೇಲೆ ಕೂತಾಗಿತ್ತು. ಭಾರಕ್ಕೆ ಟ್ರಕ್ಕು ಒಂದು ಕಡೆ ವಾಲಿತ್ತು. ಮಾರ್ಲಾ ಅವನ ಎದುರು ಮಂಡಿಯೂರಿ, ಬೆರಳುಗಳಿಗೆ ಬಿಗಿದು ಕಟ್ಟಿದ್ದ ಪಟ್ಟಿಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತಿದ್ದಳು. ಒಂದು ಬೆರಳು ಊದಿ ನೀಲಿಯಾಗಿತ್ತು. ಅದಕ್ಕೆ ಅವಳು ಉಸಿರು ಊದಿ ಏನೋ ಹೇಳಿದಳು. ವೆಸ್ ತಲೆ ತಗ್ಗಿಸಿದ್ದ. ಅವನ ಭುಜಗಳು ಅಲುಗುತ್ತಿದ್ದವು.

ಡೋರೀನ್ ಹತ್ತು ಹೆಜ್ಜೆ ಈಚೆಗೆ ನಿಂತಳು. ಮಾರ್ಲಾ ಒಂದು ಕೈಯ ಐದೂ ಬೆರಳು ಮುಗಿಸಿದಳು. ವೆಸ್ ಇನ್ನೊಂದು ಕೈಯನ್ನು ಮುಂದೆ ಚಾಚಿದ.